ಚಿತ್ರಮೇಜು: ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ ದಾಖಲೆ

ಶಿಶುವಿಹಾರದ ಚಿತ್ರಕಲೆಯ ಮೂಲೆಯಲ್ಲಿದ್ದ ಹಳೆಯ ಮೇಜಿನ ಕಾಲೊಂದು ಸಡಿಲವಾಗಿದೆ, ಅದನ್ನು ಬಿಗಿಮಾಡಿಕೊಡಬೇಕು ಎಂಬುದಷ್ಟೇ ನನಗೆ ಮೊದಲು ವಹಿಸಿದ್ದ ಕೆಲಸ. ನಾನು ಹೋದ ದಿನ ಮಕ್ಕಳು ಅದೇ ಮೇಜಿನ ಸುತ್ತ ಬಣ್ಣದಲ್ಲಿ ಮುಳುಗಿದ್ದರು. ಗಾಲಿಕುರ್ಚಿಯಲ್ಲಿ ಬರುವ ನಾಲ್ಕು ವರ್ಷದ ಹುಡುಗಿಯೊಬ್ಬಳು ಕುರ್ಚಿಯನ್ನು ಮೇಜಿಗೆ ಅಡ್ಡವಾಗಿ ನಿಲ್ಲಿಸಿಕೊಂಡು, ಸೊಂಟ ತಿರುಚಿ, ಎಡಗೈಯಲ್ಲಿ ಕುರ್ಚಿಯ ತೋಳು ಹಿಡಿದು ಬಲಗೈಯಲ್ಲಿ ಕುಂಚ ಆಡಿಸುತ್ತಿದ್ದಳು. ಮೇಜಿನ ಹಲಗೆಯ ಕೆಳಗೆ ನಾಲ್ಕೂ ಕಡೆ ಅಗಲವಾದ ಅಡ್ಡಪಟ್ಟಿ ಇದ್ದುದರಿಂದ ಅವಳ ಮೊಣಕಾಲು ಒಳಗೆ ಹೋಗುವಂತಿರಲಿಲ್ಲ. ಅವಳ ಮುಂದಿದ್ದದ್ದು ಅಚ್ಚು ಹಾಕಿದ ಚಿಟ್ಟೆಯ ರೇಖಾಚಿತ್ರ. ಅವಳು ಚಿಟ್ಟೆಯನ್ನು ಬಿಟ್ಟು ಕಾಗದದ ಮೂಲೆಯ ಖಾಲಿ ಜಾಗದಲ್ಲಿ ಮಾತ್ರ ನೀಲಿ ಸುತ್ತುಗಳನ್ನು ಎಳೆಯುತ್ತಿದ್ದಳು. ಕಾಲು ಬಿಗಿಮಾಡಿ ಹೊರಟುಬಿಡಬಹುದಿತ್ತು. ಆದರೆ ಆ ನೀಲಿ ಸುತ್ತುಗಳನ್ನು ನೋಡಿದ ಮೇಲೆ ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಹೊಸ ಮೇಜಿಗೆ ಒಪ್ಪಿಗೆ ಸಿಕ್ಕ ಮೇಲೂ ನಾನು ಒಂದು ವಾರ ಮರಕ್ಕೆ ಕೈಹಾಕಲಿಲ್ಲ. ಒಂದು ಮೂಲೆಯಲ್ಲಿ ಕುಳಿತು, ಮಗುವೊಂದು ಕೆಲಸ ನಿಲ್ಲಿಸಿ ದೊಡ್ಡವರ ಬಳಿ ಬಂದಾಗಲೆಲ್ಲ ಯಾವ ಕಾರಣಕ್ಕೆ ಬಂದಿತು ಎಂಬುದನ್ನು ಬರೆದುಕೊಂಡೆ. ಡಬ್ಬಿಯ ಮುಚ್ಚಳ ಬಿಗಿಯಾಗಿದೆ, ಕಾಗದ ಎಟುಕುತ್ತಿಲ್ಲ, ಹಳದಿ ಬಣ್ಣ ಬೀರುವಿನೊಳಗಿದೆ, ಕುಂಚ ತೊಳೆಯುವ ನೀರು ಕೊಳೆಯಾಗಿದೆ, ಒದ್ದೆ ಚಿತ್ರ ಇಡಲು ಜಾಗವಿಲ್ಲ. ಇವುಗಳಲ್ಲಿ ಒಂದೂ ಚಿತ್ರಕ್ಕೆ ಸಂಬಂಧಪಟ್ಟದ್ದಲ್ಲ, ಎಲ್ಲವೂ ಪೀಠೋಪಕರಣಕ್ಕೆ ಸಂಬಂಧಪಟ್ಟವು. ಮಕ್ಕಳೇ ಮುನ್ನಡೆಸುವ ಚಿತ್ರಕಲೆ ಬೇಕೆಂದು ಶಿಕ್ಷಕಿಯರು ಮನಸಾರೆ ಬಯಸುತ್ತಿದ್ದರು. ಆದರೆ ಮುಚ್ಚಳ ತೆಗೆಯಲು ದೊಡ್ಡವರು ಬೇಕಾದಲ್ಲೆಲ್ಲ ಮುಂದಾಳುತನ ದೊಡ್ಡವರ ಕೈಗೇ ಹೋಗುತ್ತದೆ. ಆದ್ದರಿಂದ ನನ್ನ ಪುಸ್ತಕದ ಮೊದಲ ಪುಟದಲ್ಲಿ ಒಂದೇ ಅಳತೆಗೋಲು ಬರೆದುಕೊಂಡೆ: ಮಗು ಯಾರನ್ನೂ ಕೇಳದೆ ಶುರುಮಾಡಬಲ್ಲದೇ, ಬೇಕಾದ್ದನ್ನು ತಾನೇ ತೆಗೆದುಕೊಳ್ಳಬಲ್ಲದೇ, ಸಾಕೆನಿಸಿದಾಗ ನಿಲ್ಲಿಸಬಲ್ಲದೇ. ಈ ಮೂರು ಪ್ರಶ್ನೆಗಳನ್ನು ಅಲ್ಲಿಗೆ ಬರುವ ಪ್ರತಿಯೊಂದು ಮಗುವನ್ನೂ ಕಣ್ಮುಂದೆ ಇಟ್ಟುಕೊಂಡು ಕೇಳಬೇಕು ಎಂದೂ ಕೆಳಗೆ ಸೇರಿಸಿದೆ.

ಅಳತೆಗಳು

ಗಾಲಿಕುರ್ಚಿಯಲ್ಲಿ ಕುಳಿತ 3ರಿಂದ 4 ವರ್ಷದ ಮಗುವಿನ ಕೈ ನೆಲದಿಂದ ಸುಮಾರು 51ರಿಂದ 91 ಸೆಂ.ಮೀ. ಎತ್ತರದ ನಡುವೆ ಆರಾಮವಾಗಿ ಎಟುಕುತ್ತದೆ ಎಂದು ಅಮೆರಿಕದ 2010ರ ಸುಗಮ ಪ್ರವೇಶ ಮಾನದಂಡದ ಮಾರ್ಗಸೂಚಿ ಹೇಳುತ್ತದೆ; 5ರಿಂದ 8 ವರ್ಷದವರಿಗೆ ಅದು ಸುಮಾರು 46ರಿಂದ 102 ಸೆಂ.ಮೀ. ಈ ಅಂಕಿಗಳು ಕಪಾಟಿನ ಹಲಗೆಗಳನ್ನು ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸಲು ತುಂಬ ನೆರವಾದವು. ಮೇಜಿನ ಎತ್ತರಕ್ಕೆ ಮಾತ್ರ ಪುಸ್ತಕದ ಅಂಕಿಯನ್ನು ನಂಬದೆ ಟೇಪು ಹಿಡಿದೆ. ಹುಡುಗಿ ತನ್ನ ಕುರ್ಚಿಯಲ್ಲಿ ಕುಳಿತಾಗ ತೊಡೆಯ ಮೇಲ್ಭಾಗ ನೆಲದಿಂದ 47 ಸೆಂ.ಮೀ. ಇತ್ತು. ನಿಂತು ಕೆಲಸ ಮಾಡುವ ಮಕ್ಕಳ ಮೊಣಕೈ 55ರಿಂದ 66 ಸೆಂ.ಮೀ. ನಡುವೆ ಬರುತ್ತಿತ್ತು. ಒಂದೇ ಎತ್ತರ ಎಲ್ಲರಿಗೂ ಸಾಲದು ಎಂಬುದು ಇಷ್ಟರಿಂದಲೇ ಸ್ಪಷ್ಟವಾಯಿತು. ಕಾಲುಗಳಲ್ಲಿ 3 ಸೆಂ.ಮೀ.ಗೆ ಒಂದರಂತೆ ಆರು ತೂತು ಕೊರೆದು, ಮೇಜಿನ ಮೇಲ್ಮೈಯನ್ನು 52ರಿಂದ 67 ಸೆಂ.ಮೀ. ವರೆಗೆ ಏರಿಳಿಸುವಂತೆ ಮಾಡಬೇಕೆಂದು ನಿರ್ಧರಿಸಿದೆ. ಹಲಗೆ 120 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲ, 18 ಮಿ.ಮೀ. ದಪ್ಪದ ಪ್ಲೈವುಡ್.

ಗಾಲಿಕುರ್ಚಿಗೆಂದು ಹಲಗೆಯ ಒಂದು ಬದಿಯಲ್ಲಿ ಅರ್ಧಚಂದ್ರಾಕಾರದ ಕೊರೆ ಮಾಡಬಹುದಲ್ಲ ಎಂದು ಒಬ್ಬರು ಸೂಚಿಸಿದರು. ಅಂಥ ಮೇಜುಗಳಿವೆ, ತೋಳಿಗೆ ಎರಡೂ ಕಡೆ ಆಧಾರ ಬೇಕಾದ ಮಗುವಿಗೆ ಅವು ಒಳ್ಳೆಯದೂ ಹೌದು. ಇಲ್ಲಿ ನಾನು ಒಪ್ಪಲಿಲ್ಲ. ಕೊರೆ ಮಾಡಿದರೆ ಅದು ಅವಳ ಜಾಗ ಎಂದಾಗುತ್ತದೆ, ಅವಳು ಪ್ರತಿದಿನ ಅಲ್ಲಿಯೇ ಇರಬೇಕಾಗುತ್ತದೆ. ಉಳಿದ ಮಕ್ಕಳು ತಮಗೆ ಬೇಕಾದ ಗೆಳೆಯರ ಪಕ್ಕ ಹೋಗಿ ನಿಲ್ಲುತ್ತಾರೆ. ಅವಳಿಗೂ ಆ ಆಯ್ಕೆ ಇರಬೇಕಾದರೆ ನಾಲ್ಕೂ ಬದಿ ತೆರೆದಿರಬೇಕು. ಹಾಗಾಗಿ ಅಡ್ಡಪಟ್ಟಿಯನ್ನೇ ತೆಗೆದುಹಾಕಿ, ಕಾಲುಗಳನ್ನು ಮೂಲೆಗಳಿಗೆ ತಳ್ಳಿದೆ.

ಮೊದಲ ಕಟ್ಟು, ಮೊದಲ ಸೋಲು

ಹಳೆಯ ಮೇಜಿನ ಹಲಗೆಯನ್ನೇ ಉಜ್ಜಿ ಬಳಸುವ ಆಲೋಚನೆ ನನಗಿತ್ತು, ಅದನ್ನು ಕೈಬಿಟ್ಟೆ. ಅದರ ಮೇಲೆ ಎಷ್ಟೋ ಪದರ ಹಳೆಯ ಎಣ್ಣೆಬಣ್ಣವಿತ್ತು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಉಜ್ಜಿದರೆ ಅದು ದೂಳಾಗಿ ನೆಲದಲ್ಲಿ ಕೂರುತ್ತದೆ, ಆ ನೆಲವನ್ನು ಮುಟ್ಟಿದ ಕೈ ಬಾಯಿಗೆ ಹೋಗುತ್ತದೆ. ಸೀಸಕ್ಕೆ ಸುರಕ್ಷಿತವೆಂದು ಹೇಳಬಹುದಾದ ಮಟ್ಟವೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪರೀಕ್ಷೆ ಮಾಡಿಸದೆ ಅಂಥ ಮರವನ್ನು ಮಕ್ಕಳ ಕೋಣೆಯ ಹತ್ತಿರ ಯಾರೂ ಉಜ್ಜಬಾರದು.

ಮೊದಲ ಸಲ ಕಾಲುಗಳನ್ನು ಮರದಲ್ಲಿ ಮಾಡಿದೆ. ಎರಡು ರೀಪುಗಳ ನಡುವೆ ಒಂದು ರೀಪು ಜಾರುವಂತೆ ಜೋಡಿಸಿ, 8 ಮಿ.ಮೀ. ಬೋಲ್ಟು ತೂರಿಸಿ, ಕೈಯಿಂದಲೇ ತಿರುಗಿಸಬಹುದಾದ ರೆಕ್ಕೆನಟ್ಟು ಹಾಕಿದೆ. ಎತ್ತರ ಬದಲಿಸಲು ಶಿಕ್ಷಕಿಯರಿಗೆ ಸಲಕರಣೆ ಹುಡುಕುವ ಶ್ರಮ ಬೇಡ ಎಂಬುದು ನನ್ನ ಲೆಕ್ಕ. ನಾಲ್ಕನೆಯ ದಿನ ಮೇಜಿನ ಕೆಳಗೆ ಕುಳಿತ ಹುಡುಗನೊಬ್ಬ ರೆಕ್ಕೆನಟ್ಟನ್ನು ಪೂರ್ತಿ ಬಿಚ್ಚಿ, ಅದರಲ್ಲಿ ಬಣ್ಣ ಅದ್ದಿ ಕಾಗದದ ಮೇಲೆ ಅಚ್ಚು ಒತ್ತುತ್ತಿದ್ದ. ಅಚ್ಚು ಸೊಗಸಾಗಿತ್ತು, ಎರಡು ರೆಕ್ಕೆಯ ಹಕ್ಕಿಯಂತೆ ಕಾಣುತ್ತಿತ್ತು. ಆದರೆ ಹಲಗೆ ಒಂದು ಕಡೆಗೆ ಜಗ್ಗಿ ಬಣ್ಣದ ಬಟ್ಟಲುಗಳೆಲ್ಲ ಉರುಳಿದವು. ಯಾರಿಗೂ ಪೆಟ್ಟಾಗಲಿಲ್ಲ. ತಪ್ಪು ನನ್ನದು: ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಬರಿಗೈಯಲ್ಲಿ ಬಿಚ್ಚಬಹುದಾದ ಯಾವ ಭಾಗವೂ ಭಾರ ಹೊರಬಾರದು. ಅದೇ ದಿನ ಜಾರುವ ರೀಪುಗಳ ನಡುವಿನ ಸಂದನ್ನೂ ಅಳೆದೆ, 8 ಮಿ.ಮೀ. ಇತ್ತು. ಬೆರಳು ಸಿಕ್ಕಿಕೊಳ್ಳುವ ಅಪಾಯವಿರುವುದು ಇಂಥ ಸಂದುಗಳಲ್ಲಿಯೇ; 5 ಮಿ.ಮೀ.ಗಿಂತ ಕಿರಿದಾಗಿರಬೇಕು, ಇಲ್ಲವೇ 13 ಮಿ.ಮೀ.ಗಿಂತ ಹಿರಿದಾಗಿರಬೇಕು. ಸಂಜೆಯೇ ಇಡೀ ಮೇಜನ್ನು ಬಿಚ್ಚಿದೆ.

ಆ ಮೊದಲ ಕಟ್ಟಿನ ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಗೊತ್ತಾಗುವಂಥದ್ದಾಗಿರಲಿಲ್ಲ, ಅದನ್ನು ವಿವರವಾಗಿಯೇ ಬರೆಯಬೇಕು. ಹಲಗೆಗೆ ನಾನು ಹೊಳಪಿನ ವಾರ್ನಿಷ್ ಬಳಿದಿದ್ದೆ, ಒರೆಸಲು ಸುಲಭ ಎಂದು. ಮಂದದೃಷ್ಟಿಯ ಹುಡುಗನೊಬ್ಬ ಮೇಜಿನ ಬಳಿ ಬಂದು, ಒಂದೆರಡು ನಿಮಿಷ ನಿಂತು, ಮುಖ ತಿರುಗಿಸಿ ಹೊರಟುಹೋಗುತ್ತಿದ್ದ. ಅವನಿಗೆ ಚಿತ್ರದಲ್ಲಿ ಆಸಕ್ತಿ ಇಲ್ಲವೆಂದು ಎಲ್ಲರೂ ಭಾವಿಸಿದ್ದೆವು. ಒಂದು ದಿನ ಮೋಡ ಕವಿದು ಕೋಣೆ ಮಬ್ಬಾಗಿತ್ತು. ಆ ದಿನ ಅವನು ಬಂದು, ಕಾಗದದ ಮೇಲೆ ಒಂದು ಗೇಣು ದೂರಕ್ಕೆ ಮುಖ ತಂದುಕೊಂಡು, 40 ನಿಮಿಷ ಕದಲದೆ ಕುಳಿತ. ಕಪ್ಪು ಕ್ರೇಯಾನಿನಲ್ಲಿ ಕಾಗದದ ಅಂಚನ್ನು ಹಿಡಿದು ಒಂದು ಗೆರೆ ಎಳೆದ, ಅದರ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಪ್ರತಿ ಗೆರೆ ಮುಗಿದಾಗ ಬೆರಳಿನಿಂದ ಅದನ್ನು ಸವರಿ ನೋಡುತ್ತಿದ್ದ. ಮರುದಿನ ಬಿಸಿಲು ಬಂತು, ಅವನು ಮತ್ತೆ ಹೊರಟುಹೋದ. ಆಗ ನಾನು ಅವನ ಜಾಗದಲ್ಲಿ ಮಂಡಿಯೂರಿ, ಅವನ ಎತ್ತರಕ್ಕೆ ತಲೆ ತಗ್ಗಿಸಿ ನೋಡಿದೆ. ಕಿಟಕಿಯ ಬೆಳಕು ವಾರ್ನಿಷ್‌ನಲ್ಲಿ ಪ್ರತಿಫಲಿಸಿ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಬಿಳಿಯ ಕಾಗದ ಎಲ್ಲಿ ಮುಗಿಯುತ್ತದೆ, ಮೇಜು ಎಲ್ಲಿ ಶುರುವಾಗುತ್ತದೆ ಎಂಬುದು ನನ್ನ ಕಣ್ಣಿಗೂ ಕಾಣಲಿಲ್ಲ.

ಎರಡನೆಯ ಕಟ್ಟು

ಎರಡನೆಯ ಸಲ ಕಾಲುಗಳಿಗೆ ಒಂದರೊಳಗೊಂದು ಕೂರುವ ಚೌಕ ಉಕ್ಕಿನ ಕೊಳವೆ ತಂದೆ. ಅಡ್ಡಪಟ್ಟಿ ಇಲ್ಲದ ಮೇಜು ಓಲಾಡುತ್ತದೆ. ಅದನ್ನು ತಡೆಯಲು ಹಲಗೆಯ ಅಡಿಗೆ 25 ಮಿ.ಮೀ.ನ ಎಲ್ ಆಕಾರದ ಉಕ್ಕಿನ ಪಟ್ಟಿಯ ಚೌಕಟ್ಟನ್ನು ಬೆಸುಗೆ ಹಾಕಿಸಿ, ಕಾಲುಗಳನ್ನು ಅದರ ಮೂಲೆಗಳಿಗೆ ಕೂಡಿಸಿ, ಚೌಕಟ್ಟನ್ನು ಹಲಗೆಗೆ 12 ಬೋಲ್ಟುಗಳಿಂದ ಬಿಗಿದೆ. ಚೌಕಟ್ಟು ತೆಳುವಾಗಿರುವುದರಿಂದ ಮೊಣಕಾಲಿಗೆ ಬೇಕಾದ ಜಾಗ ಉಳಿಯಿತು. ಎತ್ತರ ನಿಲ್ಲಿಸುವ ಬೋಲ್ಟುಗಳ ತಲೆಯಲ್ಲಿ ಷಟ್ಕೋನದ ಕುಳಿ ಇದೆ, ಅಲೆನ್ ಕೀ ಇಲ್ಲದೆ ಅವು ತಿರುಗುವುದಿಲ್ಲ, ಆ ಕೀ ಶಿಕ್ಷಕಿಯರ ಬಳಿ ಇರುತ್ತದೆ. ಕೊಳವೆಗಳು ಮಾತ್ರ ಒಂದಕ್ಕೊಂದು ತಾಗಿ ಖಟಖಟ ಎನ್ನುತ್ತಿದ್ದವು. ದೊಡ್ಡವರ ಕಿವಿಗೆ ಅದು ಏನೂ ಅಲ್ಲ. ಆದರೆ ಶಬ್ದಕ್ಕೆ ತುಂಬ ಸೂಕ್ಷ್ಮವಾದ ಮಗುವೊಂದು ಪ್ರತಿ ಖಟಕ್ಕಿಗೂ ಕಿವಿ ಮುಚ್ಚಿಕೊಳ್ಳುತ್ತಿತ್ತು. ಕೊಳವೆಗಳ ನಡುವಿನ ಸಂದಿಗೆ ಫೆಲ್ಟ್ ಬಟ್ಟೆಯ ಪಟ್ಟಿ ಅಂಟಿಸಿ, ಕಾಲಿನ ತುದಿಗೆ ರಬ್ಬರ್ ಟೊಪ್ಪಿಗೆ ಹಾಕಿದ ಮೇಲೆ ಮೇಜು ಮೌನವಾಯಿತು.

ಹಲಗೆಗೆ ಈ ಸಲ ಗಾಢ ಬೂದುಬಣ್ಣದ, ಹೊಳಪಿಲ್ಲದ ಲ್ಯಾಮಿನೇಟ್ ಹಾಳೆ ಅಂಟಿಸಿದೆ. ಬಿಳಿಯ ಕಾಗದ ಅದರ ಮೇಲೆ ಎದ್ದು ಕಾಣುತ್ತದೆ. ಕಪ್ಪು ಕಾಗದದಲ್ಲಿ ಹಳದಿಯಿಂದ ಬರೆಯುವ ಮಕ್ಕಳಿಗಾಗಿ ಒಂದು ಬಿಳಿಯ ಹಾಸುಹಲಗೆಯನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ. ಹಲಗೆಯ ಅರ್ಧಭಾಗ ಹಿಂಜ್‌ನ ಮೇಲೆ ಎದ್ದು 30 ಡಿಗ್ರಿ ವರೆಗೆ ಓರೆಯಾಗಿ ನಿಲ್ಲುತ್ತದೆ, ತಟ್ಟನೆ ಬೀಳದಂತೆ ಎರಡೂ ಬದಿಗೆ ತಡೆ ಇದೆ. ಈಗ ಆ ಹುಡುಗ ಬೆನ್ನು ಬಗ್ಗಿಸಬೇಕಾಗಿಲ್ಲ, ಕಾಗದವೇ ಅವನ ಕಣ್ಣಿನ ಹತ್ತಿರಕ್ಕೆ ಬರುತ್ತದೆ. ಓರೆ ಹಲಗೆ ಅವನಿಗೆಂದು ಮಾಡಿದ್ದಾದರೂ ಅದು ಅವನೊಬ್ಬನದಾಗಿ ಉಳಿದಿಲ್ಲ, ಬಣ್ಣವನ್ನು ಮೇಲಿನಿಂದ ಇಳಿಸಿ ಹರಿಯುವುದನ್ನು ನೋಡುವ ಮಕ್ಕಳ ಸಾಲು ಅಲ್ಲಿ ಸದಾ ಇರುತ್ತದೆ. ಕಟ್ಟಿಗೆಯ ಅಂಚುಗಳಿಗೆಲ್ಲ ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಷ್ ಬಳಿದೆ. ಅದು ಕೆಲವು ಗಂಟೆಗಳಲ್ಲಿ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಮೇಜನ್ನು ಕೋಣೆಗೆ ತರಲಿಲ್ಲ.

ಕಾಗದದ ಅಳತೆಯ ಬಗ್ಗೆಯೂ ಒಂದು ಮಾತು. ಸುಮಾರು 2ರಿಂದ 4 ವರ್ಷದ ಮಗು ಗೀಚುವುದು ಮಣಿಕಟ್ಟಿನಿಂದಲ್ಲ, ಭುಜದಿಂದ. ಮುಷ್ಟಿಯಲ್ಲಿ ಹಿಡಿದ ಕ್ರೇಯಾನ್ ಇಡೀ ತೋಳಿನೊಂದಿಗೆ ಬೀಸಿ ಬರುತ್ತದೆ. ಮೂರು ಬೆರಳಿನ ಹಿಡಿತ ಅನೇಕ ಮಕ್ಕಳಲ್ಲಿ ನಾಲ್ಕರ ಆಸುಪಾಸಿನಲ್ಲಿ ಮೂಡಿ, ಐದಾರು ವರ್ಷದ ಹೊತ್ತಿಗೆ ಪಳಗುತ್ತದೆ. ಮಕ್ಕಳ ಚಿತ್ರದ ಬೆಳವಣಿಗೆಯನ್ನು ಹಂತಹಂತವಾಗಿ ವಿವರಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಗೀಚುವಿಕೆಯನ್ನು ಮೊದಲ ಹಂತವೆಂದೇ ಗುರುತಿಸಿದರು. ವಿಯೆನ್ನಾದಲ್ಲಿ ದೃಷ್ಟಿ ಇಲ್ಲದ ಮತ್ತು ಮಂದದೃಷ್ಟಿಯ ಮಕ್ಕಳಿಗೆ ಕಲಿಸಿದ್ದ ಅವರು ಅಚ್ಚು ಹಾಕಿದ ರೇಖೆಗಳಿಗೆ ಬಣ್ಣ ತುಂಬಿಸುವ ಪುಸ್ತಕಗಳನ್ನು ಬಲವಾಗಿ ವಿರೋಧಿಸಿದವರು. ಅಂಗೈ ಅಗಲದ ಚಿಟ್ಟೆಯೊಳಗೆ ಬಣ್ಣ ತುಂಬು ಎಂದರೆ ಭುಜದಿಂದ ಬೀಸುವ ಕೈಗೆ ಜಾಗವೇ ಇಲ್ಲ, ಆ ರೇಖೆ ಕಾಣದ ಮಗುವಿಗೆ ಕೆಲಸವೇ ಇಲ್ಲ. ಶಿಕ್ಷಕಿಯರೊಡನೆ ಮಾತಾಡಿ ಅಚ್ಚುಹಾಳೆಗಳನ್ನು ಕೋಣೆಯಿಂದ ತೆಗೆಸಿ, 60 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಖಾಲಿ ಹಾಳೆಗಳನ್ನು ಇಡಿಸಿದೆವು.

ಕಪಾಟು ಮತ್ತು ಕುಂಚಗಳು

ಕಪಾಟಿನ ಕೆಲಸ ಬೇಗ ಮುಗಿಯಿತು. ಬಾಗಿಲಿಲ್ಲ, ಮೂರು ಹಲಗೆಗಳು, ಅತ್ಯಂತ ಮೇಲಿನದು 85 ಸೆಂ.ಮೀ. ಎತ್ತರದಲ್ಲಿ. ಯಾವ ಡಬ್ಬಿಗೂ ಮುಚ್ಚಳವಿಲ್ಲ. ಪ್ರತಿ ತಟ್ಟೆಯ ಮುಂಭಾಗಕ್ಕೆ ಅದರಲ್ಲಿರುವ ವಸ್ತುವಿನದೇ ಒಂದು ತುಣುಕನ್ನು ಅಂಟಿಸಿದ್ದೇವೆ: ಬಟ್ಟೆ, ರಟ್ಟು, ಉಣ್ಣೆ, ಬೂಚು. ಓದು ಬಾರದ ಮಗುವೂ ಕಣ್ಣಿನಿಂದಲೋ ಬೆರಳಿನಿಂದಲೋ ಅದನ್ನು ಓದಿಕೊಳ್ಳುತ್ತದೆ. ತಟ್ಟೆಗಳ ಕ್ರಮ ಎಂದೂ ಬದಲಾಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುವ ಮಗುವೊಂದಿರುವುದರಿಂದ, ಸಣ್ಣ ವಸ್ತುಗಳ ಪರೀಕ್ಷೆಗೆ ಬಳಸುವ 31.7 ಮಿ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಹೊಗುವ ಮಣಿ, ಗುಂಡಿಗಳನ್ನು ತೆಗೆದುಹಾಕಿ, ಅದೇ ಜಾತಿಯ ದೊಡ್ಡ ವಸ್ತುಗಳನ್ನು ಎಲ್ಲರಿಗೂ ಇಟ್ಟೆವು. ಒಬ್ಬರಿಗೆ ಮಾತ್ರ ಬೇರೆ ತಟ್ಟೆ ಮಾಡುವುದಕ್ಕಿಂತ ಇದು ಮೇಲು.

ಕುಂಚದ ಹಿಡಿಯಲ್ಲಿ ನಾನು ಕಲಿತದ್ದು ಹೆಚ್ಚು. ಸ್ನಾಯು ಬಿಗಿತದಿಂದ ಬೆರಳುಗಳನ್ನು ಪೂರ್ತಿ ಬಿಚ್ಚಲಾಗದ ಐದು ವರ್ಷದ ಹುಡುಗನಿಗಾಗಿ ಅಂಗೈಗೆ ಸುತ್ತುವ ವೆಲ್ಕ್ರೋ ಪಟ್ಟಿ ಹೊಲಿದು, ಅದರಲ್ಲಿ ಕುಂಚ ಸಿಕ್ಕಿಸುವ ಗೂಡು ಮಾಡಿದೆ. ಕುಂಚ ಕೈಯಿಂದ ಜಾರಲಿಲ್ಲ, ಅವನು ಚೆನ್ನಾಗಿಯೇ ಬಣ್ಣ ಹಚ್ಚಿದ. ಆದರೆ ಎರಡನೆಯ ದಿನ ಪಟ್ಟಿಯನ್ನು ಕಂಡೊಡನೆ ಕೈ ಹಿಂದಕ್ಕೆ ಎಳೆದುಕೊಂಡ. ಹೊಲಿಗೆ ಚುಚ್ಚುತ್ತಿದೆಯೇನೋ ಎಂದು ಒಳಗೆ ಮೆತ್ತನೆಯ ಬಟ್ಟೆ ಕೊಟ್ಟೆ, ಆಗಲೂ ಬೇಡವೆಂದ. ಅವನ ಶಿಕ್ಷಕಿ ಪಕ್ಕದಲ್ಲಿ ಕುಳಿತು ಮೆಲ್ಲಗೆ ವಿಚಾರಿಸಿದಾಗ ಒಂದೇ ಮಾತು ಹೇಳಿದ: “ಬಿಡೋಕೆ ಆಗಲ್ಲ.” ಪಟ್ಟಿ ಕಟ್ಟಿದ ಮೇಲೆ ಕುಂಚವನ್ನು ಕೆಳಗಿಡಲು ಅವನು ಯಾರನ್ನಾದರೂ ಕರೆಯಲೇಬೇಕಿತ್ತು. ಸಾಕೆನಿಸಿದಾಗ ನಿಲ್ಲಿಸಬಲ್ಲದೇ ಎಂಬ ಪ್ರಶ್ನೆಯನ್ನು ನಾನೇ ಮೊದಲ ಪುಟದಲ್ಲಿ ಬರೆದಿದ್ದೆ, ಆದರೂ ಕೈಯ ವಿಷಯದಲ್ಲಿ ಅದನ್ನು ಕೇಳಿಕೊಂಡಿರಲಿಲ್ಲ.

ಪಟ್ಟಿಯನ್ನು ಬದಿಗಿಟ್ಟು, ಮೆತ್ತನೆಯ ರಬ್ಬರ್ ಚೆಂಡಿಗೆ ತೂತು ಕೊರೆದು ಕುಂಚದ ಹಿಡಿಯನ್ನು ಅದರೊಳಗೆ ತೂರಿಸಿದೆ. ಮಡಿಚಿದ ಬೆರಳುಗಳು ಚೆಂಡಿನ ಮೇಲೆ ಸಹಜವಾಗಿ ಕೂರುತ್ತವೆ, ಬೇಡವೆನಿಸಿದಾಗ ಕೈ ಓರೆ ಮಾಡಿದರೆ ಸಾಕು, ಕುಂಚ ಕೆಳಗೆ ಇಳಿಯುತ್ತದೆ. ಮೊದಲು ಅದು ಉರುಳಿ ಮೇಜಿನಿಂದ ಬಿದ್ದುಹೋಗುತ್ತಿತ್ತು; ಚೆಂಡಿನ ಒಂದು ಮುಖವನ್ನು ಚೂರಿಯಿಂದ ಚಪ್ಪಟೆಯಾಗಿ ಕತ್ತರಿಸಿದ ಮೇಲೆ ಬಿಟ್ಟಲ್ಲೇ ನಿಲ್ಲುತ್ತದೆ. ಉಳಿದ ಕುಂಚಗಳಲ್ಲಿ ಕೆಲವಕ್ಕೆ ಸೈಕಲ್ ಟ್ಯೂಬಿನ ತುಂಡು, ಕೆಲವಕ್ಕೆ ನೊರೆರಬ್ಬರಿನ ಕೊಳವೆ ತೊಡಿಸಿ ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿ ಇಟ್ಟಿದ್ದೇವೆ. ಯಾರು ಯಾವುದನ್ನು ಎತ್ತಿಕೊಳ್ಳುತ್ತಾರೋ ಅದು ಅವರಿಗೆ ಬಿಟ್ಟದ್ದು.

ಓರೆ ಹಲಗೆಯ ಮೇಲೆ ತೆಳು ಬಣ್ಣ ನಿಲ್ಲುವುದಿಲ್ಲವಾದ್ದರಿಂದ ದಪ್ಪ ಬಣ್ಣವನ್ನೂ ಮಾಡಿಕೊಳ್ಳುತ್ತೇವೆ. ಒಂದು ಅಳತೆ ಕಾರ್ನ್‌ಫ್ಲೋರ್ ಅನ್ನು ಅಷ್ಟೇ ತಣ್ಣೀರಿನಲ್ಲಿ ಕದಡಿ, ಕುದಿಯುವ ಮೂರು ಅಳತೆ ನೀರಿಗೆ ಸುರಿದು, ಬಿಳುಪು ಹೋಗಿ ಅರೆಪಾರದರ್ಶಕವಾಗುವವರೆಗೆ ತಿರುವಿ, ಆರಿದ ಮೇಲೆ ಬಣ್ಣ ಬೆರೆಸಬೇಕು. ಕೆಲವೇ ದಿನಗಳಲ್ಲಿ ಕೆಡುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಬೇಕು. ಗೆರೆಯನ್ನು ಬೆರಳಿನಿಂದ ಅರಿಯಬಯಸುವ ಮಕ್ಕಳಿಗೆ ಬಿಳಿಯ ಅಂಟಿನ ಸೀಸೆ ಕೊಡುತ್ತೇವೆ. ಅವರೇ ಎಳೆದ ಅಂಟಿನ ಗೆರೆ ರಾತ್ರಿಯಲ್ಲಿ ಒಣಗಿ ಉಬ್ಬಿ ನಿಲ್ಲುತ್ತದೆ, ಮರುದಿನ ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಗೆರೆ ಮಗುವಿನದೇ ಆಗಿರಬೇಕು. ದೊಡ್ಡವರು ಉಬ್ಬುಗೆರೆ ಬರೆದುಕೊಟ್ಟರೆ ಅದು ಮತ್ತೆ ಚಿಟ್ಟೆಯ ಅಚ್ಚುಹಾಳೆಯೇ ಆಗುತ್ತದೆ.

ಒದ್ದೆ ಬಣ್ಣ ಕೈಗೆ ತಾಗಿದರೆ ಸಹಿಸದ ಮಗುವೊಂದಕ್ಕೆ ಜಿಪ್ ಚೀಲದೊಳಗೆ ಎರಡು ಬಣ್ಣ ಹಾಕಿ, ಬಾಯಿ ಮಡಿಚಿ, ದಪ್ಪ ಟೇಪಿನಿಂದ ಮೇಜಿಗೆ ಅಂಟಿಸಿದೆವು. ಮೊದಲ ಚೀಲ ಸೋರಿತು, ಎರಡು ಚೀಲ ಒಂದರೊಳಗೊಂದು ಇಟ್ಟ ಮೇಲೆ ನಿಂತಿತು. ಆ ಮಗು ಈಗಲೂ ಚೀಲದಲ್ಲಿಯೇ ಕೆಲಸ ಮಾಡುತ್ತದೆ, ಬಣ್ಣಗಳನ್ನು ಒತ್ತಿ ಒತ್ತಿ ಸೇರುವ ಗಡಿಯನ್ನು ಬಹಳ ಹೊತ್ತು ನೋಡುತ್ತದೆ. ಅದನ್ನು ಚೀಲದಿಂದ ಹೊರಗೆ ತರಬೇಕೆಂದು ಯಾರೂ ಒತ್ತಾಯಿಸುತ್ತಿಲ್ಲ, ಒತ್ತಾಯಿಸಲೂ ಬಾರದು.

ಈ ವಾರದ ಕೆಲಸ

ಒಣಹಾಕುವ ಹಗ್ಗವನ್ನು 80 ಸೆಂ.ಮೀ. ಎತ್ತರಕ್ಕೆ ಇಳಿಸಿ, ಅಗಲ ಬಾಯಿಯ ಕ್ಲಿಪ್ಪುಗಳನ್ನು ಹಾಕಿದ್ದೇನೆ. ಚಿತ್ರವನ್ನು ತೂಗುಹಾಕುವುದೋ, ಮನೆಗೆ ಒಯ್ಯುವುದೋ, ಹರಿದು ಮತ್ತೊಂದು ಚಿತ್ರಕ್ಕೆ ಅಂಟಿಸುವುದೋ ಮಗುವೇ ಹೇಳಬೇಕು.

ಸೋಮವಾರ ಇಬ್ಬರು ಮಕ್ಕಳು ಮೇಜಿನ ಅಡಿಗೆ ನುಸುಳಿ, ಹಲಗೆಯ ಕೆಳಮೈಗೆ ಟೇಪಿನಿಂದ ಕಾಗದ ಅಂಟಿಸಿ, ಅಂಗಾತ ಮಲಗಿ ಕ್ರೇಯಾನಿನಲ್ಲಿ ಬರೆಯತೊಡಗಿದರು. ಅಡ್ಡಪಟ್ಟಿ ಇಲ್ಲದ ಕಾರಣ ಬೆಳಕು ಒಳಗೆ ಚೆನ್ನಾಗಿ ಬರುತ್ತದೆ. ಗಾಲಿಕುರ್ಚಿಯ ಹುಡುಗಿ ಅದನ್ನು ಸ್ವಲ್ಪ ಹೊತ್ತು ನೋಡಿ, ತನ್ನನ್ನೂ ಕೆಳಗಿಳಿಸಬೇಕೆಂದು ಕೈಚಾಚಿದಳು. ಚಾಪೆಯ ಮೇಲೆ ಮಲಗಿಸಿದಾಗ ಅವಳ ಕೈ ಹಲಗೆಗೆ ಎಟುಕಲಿಲ್ಲ. ಮೇಜು ಆ ದಿನ 58 ಸೆಂ.ಮೀ.ನಲ್ಲಿತ್ತು. ಅಲೆನ್ ಕೀ ತರಿಸಿ ಅದನ್ನು 52ಕ್ಕೆ ಇಳಿಸಿದೆವು, ಅವಳ ಬೆನ್ನಿನ ಕೆಳಗೆ 10 ಸೆಂ.ಮೀ. ದಪ್ಪದ ಗಟ್ಟಿ ಮೆತ್ತೆ ಇಟ್ಟೆವು. ಆಗ ಎಟುಕಿತು. ನೀಲಿ ಕ್ರೇಯಾನ್ ಬೇಕೆಂದಳು.

ಮೇಜಿನ ಕೆಳಮೈಯನ್ನು ಯಾರೂ ನೋಡುವುದಿಲ್ಲವೆಂದು ನಾನು ಒರಟಾಗಿಯೇ ಬಿಟ್ಟಿದ್ದೆ. ಮಂಗಳವಾರ ಸಂಜೆ ಚೌಕಟ್ಟಿನ ಉಕ್ಕಿನ ಅಂಚುಗಳನ್ನು ಅರದಿಂದ ತಿದ್ದಿ, ಪ್ಲೈವುಡ್ಡಿನ ಕೆಳಮೈಯನ್ನು ನುಣುಪಾಗಿ ಉಜ್ಜಿ, ಸಿಬಿರು ಉಳಿದಿಲ್ಲವೆಂದು ಹತ್ತಿಬಟ್ಟೆ ಸವರಿ ಪರೀಕ್ಷಿಸಿದೆ. ಹೊರಚಾಚಿದ 12 ಬೋಲ್ಟುಗಳ ತುದಿಯಲ್ಲಿ ಒಂಬತ್ತಕ್ಕೆ ಟೊಪ್ಪಿಗೆನಟ್ಟು ಹಾಕಿ ಬಿಗಿದಾಗಿದೆ. ಉಳಿದ ಮೂರು ಬೋಲ್ಟುಗಳು ಉದ್ದವಾಗಿವೆ, ಅವನ್ನು ಕತ್ತರಿಸಿ ಟೊಪ್ಪಿಗೆ ಕೂರಿಸುವವರೆಗೆ ಆ ಬದಿಯಲ್ಲಿ ಯಾರೂ ನುಸುಳದಂತೆ ಹಲಗೆಯೊಂದನ್ನು ಅಡ್ಡ ಕಟ್ಟಿದ್ದೇನೆ. ಕಾಗದ ಹಿಡಿಯಲು ಟೇಪಿನ ಬದಲು ಕೆಳಮೈಗೇ ನಾಲ್ಕು ಕ್ಲಿಪ್ಪುಗಳು ಬೇಕು. ಅವುಗಳಲ್ಲಿ ಎರಡನ್ನು, ಮಲಗಿದಾಗ ಅವಳ ಬಲಗೈ ಎಲ್ಲಿಗೆ ಬರುತ್ತದೆ ಎಂದು ನಾಳೆ ಅವಳನ್ನೇ ಕೇಳಿ ಗುರುತು ಹಾಕಿಕೊಂಡು, ಅಲ್ಲಿಯೇ ಕೂರಿಸುತ್ತೇನೆ.